ಕಾಯಿ ಮುಟ್ಟದ ಬಾಯಿ

ಯಿನ್ ಅಕ್ಕನ ಗಂಟಲು ಟಿಯಾನ್‌ಜಿನ್ ನಗರ ಸಾರಿಗೆಯ ಆಸ್ತಿಯಾಗಿತ್ತು. ಮೂವತ್ತೊಂದು ವರ್ಷ ಒಂದೇ ಮಾರ್ಗದ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಟಿಕೆಟ್ ಹರಿಯುವುದು ಆ ಕೆಲಸದ ಕಾಲು ಪಾಲು ಮಾತ್ರ, ಮುಕ್ಕಾಲು ಪಾಲು ಕೂಗುವುದು. ಮುಂದಿನ ನಿಲ್ದಾಣ ಯಾವುದು, ಇಳಿಯುವವರು ಯಾರು, ಮುದುಕಿಗೆ ಜಾಗ ಬಿಡಬೇಕಾದ ತರುಣ ಯಾರು, ಎಲ್ಲವನ್ನೂ ಕೂಗಬೇಕು. ಬಸ್ಸು ತಿರುವಿನಲ್ಲಿ ಹೊರಳುವಾಗ ಚಾಲಕನಿಗೆ ಬಲಗಡೆ ಕಾಣುತ್ತಿರಲಿಲ್ಲ. ಅಕ್ಕ ಕಿಟಕಿಯಿಂದ ಸೊಂಟದವರೆಗೆ ಹೊರಬಂದು, ಬಸ್ಸಿನ ತಗಡನ್ನು ಅಂಗೈಯಿಂದ ಬಡಿಯುತ್ತಾ ಸೈಕಲ್ಲಿನವರನ್ನೆಲ್ಲ ಬದಿಗೆ ಸರಿಸುತ್ತಿದ್ದಳು. ಚಕ್ರ ತಿರುಗಿಸುವ ಕೈ ಚಾಲಕನದು, ಕಣ್ಣು ಮತ್ತು ಬಾಯಿ ಅಕ್ಕನದು. ಈ ಏರ್ಪಾಡಿನಲ್ಲಿ ಮೂವತ್ತೊಂದು ವರ್ಷ ಆ ಬಸ್ಸು ಒಂದು ಕೋಳಿಯನ್ನೂ ತುಳಿಯಲಿಲ್ಲ.

ಆಮೇಲೆ ಚಾಲಕನ ಪಕ್ಕ ನಾಣ್ಯ ಹಾಕುವ ಡಬ್ಬ ಬಂತು, ನಿಲ್ದಾಣದ ಹೆಸರು ಹೇಳಲು ಧ್ವನಿಮುದ್ರಿತ ಹುಡುಗಿ ಬಂದಳು, ಅಕ್ಕ ಮನೆಗೆ ಬಂದಳು. ಐವತ್ತು ವರ್ಷವಾಗಿತ್ತು, ನಮ್ಮಲ್ಲಿ ಹೆಂಗಸರ ನಿವೃತ್ತಿಗೆ ಸರಿಯಾದ ವಯಸ್ಸೇ. ಗಂಟಲಿಗೆ ಮಾತ್ರ ಯಾರೂ ನಿವೃತ್ತಿ ಪತ್ರ ಕೊಟ್ಟಿರಲಿಲ್ಲ. ಒಮ್ಮೆ ಅದೇ ಬಸ್ಸು ಹತ್ತಿ ಕೂತವಳು ಪ್ರತಿ ನಿಲ್ದಾಣವನ್ನೂ ಆ ಹುಡುಗಿಗಿಂತ ಒಂದು ಕ್ಷಣ ಮೊದಲೇ ಕೂಗಿದಳಂತೆ. ಪ್ರಯಾಣಿಕರು ಎರಡೆರಡು ಸಲ ಎದ್ದು ಕೂತು ಸುಸ್ತಾದರಂತೆ. ಮನೆಯಲ್ಲೂ ಅದೇ ಕಥೆ. ಗಂಡ ಪಾಂಗ್ ಪಡಸಾಲೆಯಿಂದ ಎದ್ದರೆ ಸಾಕು, ಎಲ್ಲಿಗೆ ಹೊರಟ, ದಾರಿಯಲ್ಲಿ ಏನೇನು ಎಡವಬಹುದು, ಎಲ್ಲದರ ಘೋಷಣೆ. ಪಾಂಗ್ ಬಾಯ್ಲರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅಲ್ಲಿನ ಗದ್ದಲದಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಮೂವತ್ತನೇ ವಯಸ್ಸಿಗೇ ಮಾತು ಬಿಟ್ಟಿದ್ದ. ಅವನಿಗೆ ಉಳಿದ ದಾರಿ ಒಂದೇ, ನದಿಯ ಮೇಲಿನ ಸೇತುವೆಯ ಕೆಳಗೆ ಚದುರಂಗ ಆಡಲು ಓಡಿಬರುವುದು. ಓಡಿಬಂದ. ಬಿಸಿನೀರಿನ ಫ್ಲಾಸ್ಕು ಮರೆತು ಬಂದ. ಅದನ್ನು ಕೊಡಲು ಅಕ್ಕ ಬಂದಳು. ಬಂದವಳು ಎಂಟು ವರ್ಷವಾದರೂ ಹೋಗಿಲ್ಲ.

ನಮ್ಮ ಸೇತುವೆಯ ಕೆಳಗೆ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಚದುರಂಗದ ಮೂರು ಹಾಸು ಬಿಚ್ಚಿಕೊಳ್ಳುತ್ತವೆ. ಒಂದೊಂದು ಹಾಸಿಗೂ ಆಡುವವರು ಇಬ್ಬರು, ಆಡಿಸುವವರು ಹದಿನೈದು ಮಂದಿ. ಕಾಯಿ ನಡೆಸುವುದು ಇಬ್ಬರ ಕೆಲಸ, ಬಾಯಿ ನಡೆಸುವುದು ಮಿಕ್ಕವರದು. ಹಾಸಿನ ನಡುವೆ ಎರಡೂ ಸೈನ್ಯಗಳನ್ನು ಬೇರ್ಪಡಿಸುವ, ನದಿ ಎಂಬ ಒಂದು ಖಾಲಿ ಪಟ್ಟಿ ಉಂಟು. ನೋಡುವವರು ತೆಪ್ಪಗಿರತಕ್ಕದ್ದು ಎಂಬರ್ಥದ ಒಂದು ಸಾಲನ್ನು ಆ ನದಿಯಲ್ಲೇ ಅಚ್ಚು ಹಾಕಿದ್ದಾರೆ. ಆದರೆ ಅಕ್ಷರಗಳು ಆಡುವವರ ಕಡೆ ಮುಖ ಮಾಡಿವೆ, ಪಕ್ಕದಲ್ಲಿ ನಿಂತವರಿಗೆ ಅಡ್ಡಡ್ಡ ಕಾಣುತ್ತವೆ. ಕತ್ತು ಓರೆ ಮಾಡಿ ಬುದ್ಧಿವಾದ ಓದುವ ಅಭ್ಯಾಸ ನಮ್ಮೂರಿನವರಿಗಿಲ್ಲ.

ಅಕ್ಕ ಮೊದಲ ವರ್ಷ ಕಾಯಿಗಳ ಹೆಸರು ಕಲಿತಳು, ಎರಡನೇ ವರ್ಷ ಸಲಹೆ ಕೊಡತೊಡಗಿದಳು, ಮೂರನೇ ವರ್ಷ ಆ ಸಲಹೆಗಳು ಸರಿಯಾಗತೊಡಗಿದವು. ಐದನೇ ವರ್ಷಕ್ಕೆ ಅವಳು ಯಾರ ಬೆನ್ನ ಹಿಂದೆ ನಿಲ್ಲುತ್ತಾಳೋ ಅವರು ಗೆಲ್ಲುತ್ತಾರೆಂದು ಎಲ್ಲರಿಗೂ ಗೊತ್ತಾಯಿತು. ಪಾಂಗ್ ಒಬ್ಬನನ್ನು ಬಿಟ್ಟು. ಹೆಂಡತಿ ಕುದುರೆ ಎಂದರೆ ಅವನು ರಥ ನಡೆಸುತ್ತಿದ್ದ, ರಥ ಎಂದರೆ ಕಾಲಾಳು. ಜಗಳವಿಲ್ಲ, ಎದುರುತ್ತರವಿಲ್ಲ, ಹೇಳಿದ್ದನ್ನು ಮಾಡುವುದೂ ಇಲ್ಲ. ಹಾಗೆ ಎಂಟು ವರ್ಷ ಸೋತ. ಅದೇನೂ ಹಟವಲ್ಲ, ಕೈಗೆ ಹತ್ತಿದ ಅಭ್ಯಾಸ ಎಂದು ದೋಸೆ ಗಾಡಿಯ ಮಿಯಾವ್ ಹೇಳುತ್ತಿದ್ದ. ಈ ಮಿಯಾವ್‌ನದು ಹೆಸರು ಮಾತ್ರ ಬೆಕ್ಕಿನದು, ಗಾತ್ರ ಹುಲಿಯದು. ಮನೆಯಿಂದ ಮೊಟ್ಟೆ ತಂದುಕೊಟ್ಟವರಿಗೆ ಅದನ್ನೇ ಒಡೆದು ಹೆಸರುಹಿಟ್ಟಿನ ದೋಸೆಗೆ ಸವರಿ, ಕರಿದ ಹಿಟ್ಟಿನ ಕಡ್ಡಿ ಇಟ್ಟು ಮಡಚಿ ಕೊಡುತ್ತಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನೂ ಆಡುತ್ತಿದ್ದ.

ಇಷ್ಟಾದರೂ ಅಕ್ಕ ಒಂದು ದಿನವೂ ಕಾಯಿ ಮುಟ್ಟಿರಲಿಲ್ಲ. ಕೂತು ಆಡೆಂದರೆ, ತಾನು ಫ್ಲಾಸ್ಕು ಕೊಡಲು ಬಂದವಳು, ಈಗ ಹೊರಟೆ ಅನ್ನುತ್ತಿದ್ದಳು.

ಆ ವರ್ಷ ಶರತ್ಕಾಲದ ಹೊತ್ತಿಗೆ ಬೀಜಿಂಗ್‌ನಿಂದ ಸುಯಿ ಮೇಷ್ಟ್ರು ಬಂದರು. ನಲವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತರಾಗಿ, ನಮ್ಮೂರಿನಲ್ಲಿರುವ ಮಗಳ ಮನೆಗೆ ಬಂದಿದ್ದವರು. ಮೊದಲ ದಿನವೇ ಎಡವಟ್ಟು ಮಾಡಿಕೊಂಡರು. ಗೌರವ ತೋರಿಸಲು ಹೋಗಿ ಮಿಯಾವ್‌ನನ್ನು ದೊಡ್ಡಣ್ಣ ಎಂದು ಕರೆದುಬಿಟ್ಟರು. ನಮ್ಮೂರಿನಲ್ಲಿ ಮಕ್ಕಳಾಗಲೆಂದು ಕಡಲಮ್ಮನ ಗುಡಿಯಿಂದ ಮಣ್ಣಿನ ಗೊಂಬೆ ತರುವ ಪದ್ಧತಿ. ಆ ಗೊಂಬೆಯೇ ಮನೆಯ ದೊಡ್ಡಣ್ಣ, ಹುಟ್ಟುವ ಮಗ ಎರಡನೆಯವನು. ಹಾಗಾಗಿ ಇಲ್ಲಿ ಜೀವವಿರುವ ಗಂಡಸರೆಲ್ಲ ಎರಡನೇ ಅಣ್ಣಂದಿರು. ಹೆಂಗಸರ ವಿಷಯದಲ್ಲಿ ಈ ತೊಡಕಿಲ್ಲ, ಹದಿನೆಂಟಾಗಲಿ ಎಂಬತ್ತಾಗಲಿ ಎಲ್ಲರೂ ಅಕ್ಕಂದಿರೇ. ಮಿಯಾವ್ ತನ್ನ ಹೊಟ್ಟೆಯನ್ನು ತಟ್ಟಿ ನೋಡಿಕೊಂಡು, ಮಣ್ಣಲ್ಲ ಮೇಷ್ಟ್ರೇ, ಮಾಂಸವೇ, ಅಂದ. ಮೇಷ್ಟ್ರು ನಗಲಿಲ್ಲ. ತಪ್ಪನ್ನು ತಿದ್ದಿಕೊಂಡು ಆಟಕ್ಕೆ ಕೂತರು.

ಆಟ ಮಾತ್ರ ಅಪ್ಪಟ. ಒಂದು ವಾರದಲ್ಲಿ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಸೋಲಿಸಿದರು. ಎಂಟನೇ ದಿನ ಮಿಯಾವ್ ಎದುರು ಕೂತರು, ಅಕ್ಕ ಮಿಯಾವ್‌ನ ಹಿಂದೆ ನಿಂತಳು. ಗೆಲ್ಲುವ ಆಟವನ್ನು ಮೇಷ್ಟ್ರು ಸೋತರು. ಅವರು ಕಾಯಿಗಳನ್ನು ಒಂದೊಂದಾಗಿ ಡಬ್ಬದಲ್ಲಿ ಜೋಡಿಸಿ, ಮುಚ್ಚಳ ಹಾಕಿ, ಅಕ್ಕನ ಕಡೆ ತಿರುಗಿದರು.

"ಅಕ್ಕಾವ್ರೇ, ನಾನು ಸೋತಿದ್ದಕ್ಕೆ ಬೇಜಾರಿಲ್ಲ. ಯಾರ ಹತ್ರ ಸೋತೆ ಅಂತ ಗೊತ್ತಾಗ್ಲಿಲ್ಲ, ಅದು ಬೇಜಾರು. ನೀವೇ ಕೂತು ಒಂದಾಟ ಆಡಿ. ಗೆದ್ರೂ ಸರಿ, ಸಮ ಆದ್ರೂ ಸರಿ, ಆಮೇಲೆ ನೀವು ಏನು ಮಾತಾಡಿದ್ರೂ ನಾನು ತುಟಿ ಪಿಟಕ್ಕನ್ನಲ್ಲ. ಸೋತ್ರೆ ಮಾತ್ರ ಈ ಸೇತುವೆ ಕೆಳಗೆ ನೀವು ಇನ್ಮೇಲೆ ಬಾಯಿ ತೆಗೀಬಾರ್ದು."

ಹದಿನೈದು ತಲೆಗಳೂ ಒಮ್ಮೆಗೇ ಅಕ್ಕನ ಕಡೆ ತಿರುಗಿದವು. ಫ್ಲಾಸ್ಕಿನ ನೆಪ ಹೇಳಿ ಅಕ್ಕ ಹೊರಟುಬಿಡಬಹುದಿತ್ತು. ಹೊರಡಲಿಲ್ಲ. ನಾಳೆ ಬೆಳಿಗ್ಗೆ ಎಂದಳು. ಆಮೇಲೆ ಪಾಂಗ್‌ನ ಜೊತೆ ಮನೆಗೆ ನಡೆಯುವಾಗ ಒಂದು ಮಾತನ್ನೂ ಆಡಲಿಲ್ಲವಂತೆ. ಪಾಂಗ್ ಅದನ್ನು ನಮಗೆ ಹೇಳುವಾಗ ಹೆದರಿದ್ದ. ಬಸ್ಸಿನವರು ಅವಳ ಗಂಟಲನ್ನು ಒಮ್ಮೆ ಕಿತ್ತುಕೊಂಡಿದ್ದರು, ಅದನ್ನು ಮತ್ತೆ ತೆರೆಯಲು ಸಿಕ್ಕಿದ್ದು ಈ ಒಂದು ಜಾಗ. ಇದೂ ಹೋದರೆ ಮಿಕ್ಕಿದ್ದೆಲ್ಲ ಮನೆಯೊಳಗೇ ಸುರಿಯುತ್ತದೆ, ಅದು ತನಗೆ ಕಷ್ಟ, ಸುರಿಯದೇ ನಿಂತುಹೋದರೆ ಇನ್ನೂ ಕಷ್ಟ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ಪಾಂಗ್ ಅಷ್ಟುದ್ದ ಮಾತಾಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

ಮರುದಿನ ಸೇತುವೆಯ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಆಚೆ ದಡದಲ್ಲಿ ಗಾಳ ಹಾಕುವವರೂ ಗಾಳ ಸುತ್ತಿಟ್ಟು ಬಂದಿದ್ದರು. ಅಕ್ಕ ತಲೆ ಬಾಚಿ, ಹಳೆಯ ನೀಲಿ ಕೋಟು ಹಾಕಿಕೊಂಡು ಬಂದಳು. ಮೇಷ್ಟ್ರು ಮರ್ಯಾದೆಯಿಂದ ಕೆಂಪು ಕಾಯಿಗಳನ್ನು ಅವಳ ಕಡೆ ತಿರುಗಿಸಿದರು, ಮೊದಲ ನಡೆ ಅವಳದಾಯಿತು. ಅಕ್ಕ ಮಡಚುವ ಪೀಠದ ಮೇಲೆ ಕೂತಳು.

ಕೂತವಳು ಕೂತೇ ಇದ್ದಳು. ಕೈ ಮುಂದೆ ಬಂತು, ಫಿರಂಗಿಯ ಮೇಲೆ ನಿಂತಿತು, ಹಿಂದೆ ಹೋಯಿತು. ನಮ್ಮಲ್ಲಿ ಮುಟ್ಟಿದ ಕಾಯಿ ನಡೆಯಲೇಬೇಕು, ಮುಟ್ಟಿ ಮನಸ್ಸು ಬದಲಿಸುವಂತಿಲ್ಲ. ಮತ್ತೆ ಕೈ ಬಂತು, ಮತ್ತೆ ಹೋಯಿತು. ಫಿರಂಗಿ ಬಿಸಿಯಾಗಿಲ್ಲ ಅಕ್ಕ, ನಿನ್ನೆಯಿಂದ ಯಾರೂ ಹಾರಿಸಿಲ್ಲ ಎಂದು ಮಿಯಾವ್ ಧೈರ್ಯ ಹೇಳಿದ. ಅಕ್ಕ ತಲೆಯೆತ್ತಿದಳು. ಮುಖ ಬೆವರಿತ್ತು. ಇಲ್ಲಿ ಕೂತರೆ ಏನೂ ಕಾಣುವುದಿಲ್ಲ ಎಂದಳು. ತುಂಬಿದ ಬಸ್ಸಿನಲ್ಲಿ ಸೀಟು ಸಿಕ್ಕವರಿಗೆ ಮುಂದಿನವರ ಬೆನ್ನು ಬಿಟ್ಟು ಏನು ಕಾಣುತ್ತದೆ, ಎಲ್ಲವೂ ಕಾಣುವುದು ನಿಂತವಳಿಗೆ ಮಾತ್ರ ಎಂದಳು. ಎದ್ದು ನಿಂತಳು. ಪೀಠದ ಹಿಂದೆ ಹೋಗಿ, ಎಂಟು ವರ್ಷದಿಂದ ನಿಲ್ಲುವ ಜಾಗದಲ್ಲಿ ನಿಂತಳು. ನಿಂತದ್ದೇ ತಡ, ಗಂಟಲು ತನ್ನಷ್ಟಕ್ಕೆ ತಾನು ತೆರೆದುಕೊಂಡಿತು.

"ಫಿರಂಗಿ ಎರಡರಿಂದ ಐದಕ್ಕೆ. ಇಳಿಯೋರು ಬಾಗಿಲ ಹತ್ರ ಬನ್ನಿ."

ಮೊದಲನೆಯದು ಹಾಸಿನ ಉದ್ದಗೆರೆಗಳ ಸಂಖ್ಯೆ ಹಿಡಿದು ಕೂಗಿದ ನಡೆ. ಎರಡನೇ ಮಾತು ಮೂವತ್ತೊಂದು ವರ್ಷದ ರೂಢಿಯಿಂದ ಬಂದದ್ದು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಲೆಕ್ಕಕ್ಕೆ ಬಂದದ್ದು ಬೇರೆ. ಪಕ್ಕದಲ್ಲಿ ನಿಂತಿದ್ದ ಪಾಂಗ್ ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಕೈ ಚಾಚಿ ಫಿರಂಗಿಯನ್ನು ಎರಡರಿಂದ ಐದಕ್ಕೆ ಇಟ್ಟುಬಿಟ್ಟಿದ್ದ. ಇಟ್ಟ ಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡ.

ಮೇಷ್ಟ್ರು ಆಕ್ಷೇಪಿಸಿದರು. ಇದು ಒಬ್ಬರ ಮೇಲೆ ಇಬ್ಬರು ಬಿದ್ದಂತಾಯಿತು ಎಂದರು. ಸೇತುವೆಯ ಕೆಳಗೆ ಕಾಲು ಗಂಟೆ ಕೋರ್ಟು ನಡೆಯಿತು. ಕೈ ಗಂಡನದಾದರೆ ಆಟ ಯಾರದು ಎಂದು ಒಬ್ಬ, ಮದುವೆಯಾದ ಮೇಲೆ ಗಂಡನ ಕೈ ಗಂಡನದೇ ಎಂದು ಹೇಳಿದವರ್ಯಾರು ಎಂದು ಇನ್ನೊಬ್ಬ. ಕೊನೆಗೆ ಮಿಯಾವ್ ದೋಸೆಯ ಸಟ್ಟುಗ ಕೆಳಗಿಟ್ಟು ಎದುರಿಗೆ ಬಂದ.

"ಮೇಷ್ಟ್ರೇ, ನಿಮ್ಮ ತಕರಾರು ಇದ್ದಿದ್ದು ಅಕ್ಕನ ಬಾಯಿ ಮೇಲೆ. ಪರೀಕ್ಷೆಗೆ ಬಾಯಿನೇ ಕೂತಿದೆ. ಕೈಯನ್ನ ಯಾಕೆ ಫೇಲ್ ಮಾಡ್ತೀರಿ?"

ಮೇಷ್ಟ್ರು ಪ್ರಾಮಾಣಿಕರು. ಒಂದು ನಿಮಿಷ ಯೋಚಿಸಿ, ಒಪ್ಪತಕ್ಕ ಮಾತು ಎಂದು ಒಪ್ಪಿದರು. ಎರಡು ಷರತ್ತು ಹಾಕಿದರು. ಪಾಂಗ್ ತುಟಿ ಬಿಚ್ಚಬಾರದು, ಅವನ ಕೈ ಯಾವ ಕಾಯಿ ಮುಟ್ಟಿತೋ ಅದು ಅಕ್ಕನೇ ಮುಟ್ಟಿದಂತೆ. ಮೊದಲ ಷರತ್ತಿಗೆ ಎಲ್ಲರೂ ನಕ್ಕರು. ಎರಡನೆಯದರ ಬಗ್ಗೆ ಯಾರೂ ಯೋಚಿಸಲಿಲ್ಲ.

ಆಮೇಲೆ ನಡೆದ ಆಟವನ್ನು ನೋಡಿದವರು ಇಂದಿಗೂ ಹೇಳುತ್ತಾರೆ. ಅಕ್ಕ ನಡೆಗಳನ್ನು ನಿಲ್ದಾಣಗಳಂತೆ ಕೂಗುತ್ತಿದ್ದಳು. ಎಲ್ಲೂ ತಡವರಿಕೆಯಿಲ್ಲ. ಪಾಂಗ್‌ನ ಕೈ ಇಡುತ್ತಿತ್ತು. ಮೇಷ್ಟ್ರು ಒಂದು ನಡೆಗೆ ಐದು ನಿಮಿಷ, ಹತ್ತು ನಿಮಿಷ ತೆಗೆದುಕೊಳ್ಳತೊಡಗಿದರು, ಕನ್ನಡಕ ತೆಗೆದು ಒರೆಸಿದರು, ಒರೆಸಿದ ಮೇಲೂ ಹಾಸಿನ ಮೇಲೆ ಕಂಡದ್ದು ಅದೇ. ಹಿಡಿದರೆ ಆಟವೇ ಮುಗಿಯುವ ಅವರ ಸೇನಾಪತಿಯ ಸುತ್ತ ಜಾಗ ಕಿರಿದಾಗುತ್ತಾ ಬಂತು. ಒಂದು ಗಂಟೆ ಕಳೆಯುವ ಹೊತ್ತಿಗೆ ಅಕ್ಕನಿಗೆ ದಾರಿ ಕಂಡಿತು. ರಥವನ್ನು ಮುಂದೆ ತಳ್ಳಿ ಶತ್ರುವಿನ ಬಾಯಿಗೇ ಕೊಡಬೇಕು. ಅವರು ಅದನ್ನು ತಿನ್ನಲೇಬೇಕು. ತಿಂದರೆ ಅಕ್ಕನ ಕುದುರೆ ಒಂದೇ ನೆಗೆತಕ್ಕೆ ಸೇನಾಪತಿಯನ್ನು ಹಿಡಿಯುತ್ತದೆ.

"ರಥ ನಾಲ್ಕು, ಐದು ಮನೆ ಮುಂದೆ."

ಪಾಂಗ್‌ನ ಕೈ ರಥದ ಮೇಲೆ ಬಂದು ನಿಂತಿತು. ರಥವೆಂದರೆ ಸೈನ್ಯದಲ್ಲೇ ದೊಡ್ಡ ಕಾಯಿ. ಅದನ್ನು ಬೇಕೆಂದೇ ಕೊಡುವುದು ಆ ಕೈಗೆ ಅರ್ಥವಾಗಲಿಲ್ಲ. ಹೆಂಡತಿ ರಥ ಎಂದಾಗಲೆಲ್ಲ ಬೇರೆ ಕಾಯಿ ಎತ್ತಿದ ಕೈ ಅದು. ಒಂದು ಗಂಟೆ ಹೇಗೋ ತಡೆದುಕೊಂಡಿತ್ತು. ಈಗ ಸರಿಯಿತು, ಪಕ್ಕದ ಕುದುರೆಯ ಮೇಲೆ ಬಿತ್ತು.

ಮುಟ್ಟಿದೆಯಲ್ಲೋ ಎಂದು ಮಿಯಾವ್ ಮೆಲ್ಲಗೆ ಗೊಣಗಿದ. ಪಾಂಗ್‌ನ ಮುಖ ಆವಿಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆಯಂತೆ ಬಿಳಿಚಿಕೊಂಡಿತು. ಮೇಷ್ಟ್ರು ಕೆಳಗೆ ನೋಡುತ್ತಾ, ಕೈ ಜಾರಿದೆ, ಇದೊಂದು ಸಲ ಹಿಂದಕ್ಕೆ ತೆಗೆದುಕೊಳ್ಳಿ ಅಂದರು. ಗೆಲ್ಲಬೇಕಾದವರು ಅವರು, ಆದರೂ ಅಂದರು.

ಅಕ್ಕ ಒಪ್ಪಲಿಲ್ಲ. "ಬೇಡ ಮೇಷ್ಟ್ರೇ. ನಿಲ್ದಾಣ ದಾಟಿದ ಮೇಲೆ ಬಸ್ಸನ್ನ ಯಾರೂ ಹಿಂದಕ್ಕೆ ತಿರುಗ್ಸಲ್ಲ. ಮುಟ್ಟಿದ್ದು ಮುಟ್ಟಿದ್ದೇ."

ನಮ್ಮ ಆಟದಲ್ಲಿ ಪಕ್ಕದಲ್ಲೇ ಕಾಯಿ ನಿಂತಿದ್ದರೆ ಕುದುರೆ ಆ ಕಡೆ ನೆಗೆಯುವಂತಿಲ್ಲ. ಈ ಕುದುರೆಯ ಕಾಲಿಗೆ ಮೂರು ಕಡೆ ಕಾಯಿಗಳು ಅಡ್ಡ ನಿಂತಿದ್ದವು, ಹೋಗಲು ಒಂದೇ ಜಾಗವಿತ್ತು. ಹೋಯಿತು. ಮೇಷ್ಟ್ರ ಫಿರಂಗಿ ಅದನ್ನು ತಿಂದಿತು. ಗೆಲುವು ಆ ಕುದುರೆಯ ಬೆನ್ನ ಮೇಲೇ ಹೋಯಿತು.

ಅಕ್ಕ ಗಂಡನನ್ನು ಬೈಯಲಿಲ್ಲ. ನಮಗೆ ಹೆದರಿಕೆಯಾಗಿದ್ದು ಅದಕ್ಕೇ. ಬೈದಿದ್ದರೆ ಅವಳಲ್ಲಿ ಇನ್ನೂ ಕಸುವಿದೆ ಎಂದುಕೊಳ್ಳುತ್ತಿದ್ದೆವು. ಅವಳು ಹಾಸನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಪಾಂಗ್‌ನ ಬೆನ್ನನ್ನು ಅಂಗೈಯಿಂದ ಎರಡು ಸಲ ಬಡಿದಳು, ತಗಡನ್ನು ಬಡಿದು ಚಾಲಕನಿಗೆ ಮುಂದಕ್ಕೆ ಹೋಗೆನ್ನುವ ಹಾಗೆ. ಪಾಂಗ್ ಮತ್ತೆ ಹಾಸಿನ ಮೇಲೆ ಬಗ್ಗಿದ.

ಮುಂದಿನ ಅರ್ಧ ಗಂಟೆ ಅಕ್ಕ ಕೊಟ್ಟು ತೆಗೆದುಕೊಳ್ಳುವ ವ್ಯವಹಾರಕ್ಕಿಳಿದಳು. ತನ್ನ ರಥ ಕೊಟ್ಟು ಅವರದೊಂದು ರಥ, ಫಿರಂಗಿಗೆ ಫಿರಂಗಿ, ಕಾಲಾಳಿಗೆ ಕಾಲಾಳು. ಹಾಸು ಖಾಲಿಯಾಗುತ್ತಾ ಬಂತು. ಕೊನೆಗೆ ಮೇಷ್ಟ್ರ ಹತ್ತಿರ ಹೊಡೆಯುವ ಕಾಯಿ ಒಂದೇ ಒಂದು ರಥ. ಅಕ್ಕನ ಹತ್ತಿರ ನದಿ ದಾಟಬಲ್ಲ ಕಾಯಿ ಒಂದೂ ಇಲ್ಲ. ಉಳಿದಿದ್ದು ಸೇನಾಪತಿ, ಅವನನ್ನು ಬಿಟ್ಟು ಕದಲದ ಇಬ್ಬರು ಅಂಗರಕ್ಷಕರು, ಎರಡು ಆನೆ. ನಮ್ಮ ಆಟದಲ್ಲಿ ಆನೆ ನದಿ ದಾಟುವುದಿಲ್ಲ, ದಡದ ಈಚೆಗೇ ನಿಂತು ಮನೆ ಕಾಯುತ್ತದೆ. ಹೊಸಬರು ನೋಡಿದರೆ ಅಕ್ಕ ಸೋತಳೆನ್ನುತ್ತಾರೆ. ಆದರೆ ಇಬ್ಬರು ಅಂಗರಕ್ಷಕರೂ ಎರಡೂ ಆನೆಗಳೂ ಪೂರ್ತಿ ಇದ್ದರೆ ಒಂಟಿ ರಥಕ್ಕೆ ಆ ಕೋಟೆ ಒಡೆಯುವುದಿಲ್ಲ, ಒಂದೇ ಒಂದು ತಪ್ಪು ನಡೆ ಬೀಳದಿದ್ದರೆ. ಒಂದು ಬಿದ್ದರೆ ಎಲ್ಲ ಮುಗಿಯಿತು.

ಮೇಷ್ಟ್ರು ಆ ಒಂದಕ್ಕಾಗಿ ಕಾದರು. ರಥವನ್ನು ಎಡದಿಂದ ತಂದರು, ಬಲದಿಂದ ತಂದರು, ಹಿಂದೆ ಹೋಗಿ ಅರೆನಿದ್ದೆಯಂತೆ ನಟಿಸಿ ಮತ್ತೆ ತಂದರು. ಅಕ್ಕ ಪ್ರತಿಸಲ ಕೂಗಿದಳು, ಆನೆ ಏಳರಿಂದ ಐದಕ್ಕೆ, ಅಂಗರಕ್ಷಕ ಕೆಳಗೆ, ಆನೆ ವಾಪಸ್ಸು. ಗಂಟಲು ಕಟ್ಟಿ ದನಿ ಗೊಗ್ಗರಾಯಿತು. ಪಾಂಗ್‌ನ ಕೈ ಈಗ ಮಾತು ಮುಗಿಯುವ ಮೊದಲೇ ಹೋಗುತ್ತಿತ್ತು, ಹೇಳಿದ ಕಾಯಿಗೇ ಹೋಗುತ್ತಿತ್ತು. ಮೂವತ್ತು ನಡೆ ಕಳೆದವು. ಗಾಡಿಯ ಕಾವಲಿಯ ಮೇಲೆ ಒಂದು ದೋಸೆ ಸೀದುಹೋದ ವಾಸನೆ ಬಂತು, ಮಿಯಾವ್ ತಿರುಗಿಯೂ ನೋಡಲಿಲ್ಲ. ಮೂವತ್ತೆಂಟನೆಯ ನಡೆಗೆ ಮೇಷ್ಟ್ರು ರಥವನ್ನು ಎತ್ತಿ, ಎಲ್ಲೂ ಇಡದೆ, ಡಬ್ಬದೊಳಗೆ ಹಾಕಿದರು.

"ಸಮ," ಅಂದರು. "ಸಮ ಅಕ್ಕಾವ್ರೇ. ಮಧ್ಯದಲ್ಲಿ ನೀವು ಗೆದ್ದಿದ್ರಿ, ಅದನ್ನ ನಾನೇ ಹೇಳ್ಬಿಡ್ತೀನಿ."

ಅಕ್ಕ ಆ ಪೀಠದ ಮೇಲೆ ದೊಪ್ಪನೆ ಕೂತಳು. ಜನ ಏನೇನೋ ಅಂದರು, ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಮಿಯಾವ್ ಒಂದು ದೋಸೆ ತಂದುಕೊಟ್ಟ. ಅಕ್ಕ ಮೊಟ್ಟೆ ತಂದಿರಲಿಲ್ಲ, ಅವನೇ ತನ್ನ ಪೆಟ್ಟಿಗೆಯಿಂದ ಎರಡು ಒಡೆದು ಹಾಕಿದ್ದ. ನಮ್ಮ ಸೇತುವೆಯ ಚರಿತ್ರೆಯಲ್ಲಿ ಇದು ಆಟಕ್ಕಿಂತ ದೊಡ್ಡ ಸುದ್ದಿಯಾಯಿತು.

ಮರುದಿನ ಬೆಳಿಗ್ಗೆ ಮೇಷ್ಟ್ರು ಮತ್ತು ಪಾಂಗ್ ಎದುರುಬದುರು ಕೂತರು. ಅಕ್ಕ ಗಂಡನ ಹಿಂದೆ ನಿಂತಳು. ಮಾತಾಡುವ ಹಕ್ಕನ್ನು ಗೆದ್ದುಕೊಂಡವಳು ಏನು ಹೇಳುತ್ತಾಳೋ ಎಂದು ನಾವು ಕಿವಿ ನಿಮಿರಿಸಿ ನಿಂತೆವು. ಅಕ್ಕ ಏನೂ ಹೇಳಲಿಲ್ಲ. ಹತ್ತು ನಡೆ, ಹದಿನೈದು ನಡೆ. ಮಿಯಾವ್ ಸನ್ನೆಯಲ್ಲೇ ಏನಾಯಿತೆಂದು ಕೇಳಿದ. ಅಕ್ಕ ಸನ್ನೆಯಲ್ಲೇ, ಇವರಿಬ್ಬರೂ ಆಡುತ್ತಿರುವುದು ಹೇಳುವ ಮಟ್ಟದಲ್ಲಿಲ್ಲ ಎಂದಳು. ಇಪ್ಪತ್ತನೆಯ ನಡೆಗೆ ಪಾಂಗ್ ಸಿಕ್ಕಿಹಾಕಿಕೊಂಡ. ತಲೆ ಕೆರೆದ. ಹಾಸನ್ನು ನೋಡಿದ, ನದಿಯನ್ನು ನೋಡಿದ, ಕೊನೆಗೆ ಕತ್ತು ಹಿಂದಕ್ಕೆ ತಿರುಗಿಸಿದ.

"ಏನಾದ್ರೂ ಹೇಳೇ," ಅಂದ.

ಅಕ್ಕ ಅವನನ್ನೇ ನೋಡಿದಳು. ಎಂಟು ವರ್ಷದಲ್ಲಿ ಅವನು ಕೇಳಿದ್ದು ಇದೇ ಮೊದಲು. ಗಂಟಲು ಸರಿ ಮಾಡಿಕೊಂಡಳು. ರಥವನ್ನು ಎರಡು ಮನೆ ಹಿಂದಕ್ಕೆ ಎಳೆದುಕೋ ಎಂದಳು. ಪಾಂಗ್‌ನ ಕೈ ರಥದ ಕಡೆ ಹೊರಟಿತು. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಎದುರಿನಿಂದ ಮೇಷ್ಟ್ರು ತಡೆಯಲಾರದೆ ಕೆಮ್ಮಿದರು.

"ತಪ್ಪು ತಿಳ್ಕೋಬೇಡಿ ಅಕ್ಕಾವ್ರೇ. ರಥಕ್ಕಿಂತ ಫಿರಂಗಿ ಅಡ್ಡ ತಂದ್ರೆ ಚೆನ್ನಾಗಿರುತ್ತೆ. ನನಗೆ ಭಾರೀ ಕಷ್ಟ ಆಗುತ್ತೆ."

"ಫಿರಂಗಿ ತಂದ್ರೆ ನಿಮ್ಮ ಕುದುರೆ ಸುಮ್ನೆ ಇರತ್ತಾ ಮೇಷ್ಟ್ರೇ?"

"ಕುದುರೆಗೆ ಕಾಲಿಡೋಕೆ ಜಾಗ ಎಲ್ಲಿದೆ, ನೀವೇ ನೋಡಿ."

ಅಕ್ಕ ಸುತ್ತಿಕೊಂಡು ಮೇಷ್ಟ್ರ ಪಕ್ಕಕ್ಕೆ ಹೋಗಿ ಅವರ ಕಡೆಯಿಂದ ನೋಡಿದಳು. ಮೇಷ್ಟ್ರು ಎದ್ದು ಅವಳ ಕಡೆಯಿಂದ ನೋಡಿದರು. ಇಬ್ಬರೂ ನಿಂತುಕೊಂಡೇ ವಾದಕ್ಕಿಳಿದರು. ಪಾಂಗ್ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು, ಅವರದು ಮುಗಿಯಲೆಂದು ಕಾಯುತ್ತಾ ಕೂತ.